ಏರಬೇಕಾದದ್ದು ಇಳಿದಾಗ

“ಶರ್ಟ್ ತೆಗೀರಿ.”

ಆಸ್ಪತ್ರೆಯ ಹೃದಯ ಪರೀಕ್ಷೆಯ ಕೋಣೆಯಲ್ಲಿ ಬೆನ್ನು ಹಾಕಿ ನಿಂತಿದ್ದವನು ತಿರುಗಿದ. ಅವಳ ಕೈಯಲ್ಲಿದ್ದ ವೈರುಗಳು ಹಾಗೇ ಉಳಿದವು.

ಅವನೇ! ಮದುವೆಗೆ ಎಂಟೇ ದಿನ ಇದ್ದಾಗ ‘ಮದುವೆ ಬೇಡ’ ಎಂದು ಎರಡು ಪದ ಕಳಿಸಿ ನಾಪತ್ತೆಯಾದವನು. ನೆಂಟರಿಷ್ಟರ ಮುಂದೆ ಅಪ್ಪ ತಲೆ ತಗ್ಗಿಸಿ ಕೂತಿದ್ದು ನಾಲ್ಕು ವರ್ಷವಾದರೂ ಅವಳ ಕಣ್ಣಿಗೆ ಕಟ್ಟಿದಂತಿತ್ತು.

“ನೀನು ಇಲ್ಲಿರೋದು ಗೊತ್ತಿರ್ಲಿಲ್ಲ...”

“ಗೊತ್ತಿದ್ರೆ ಈ ಕಡೆ ತಲೆ ಹಾಕ್ತಿರ್ಲಿಲ್ಲ ಬಿಡಿ. ಟ್ರೆಡ್‌ಮಿಲ್ ಹತ್ತಿ!”

ಡಾಕ್ಟರ ಚೀಟಿಯನ್ನು ಸಿಟ್ಟಿನಲ್ಲಿ ಅವಳು ಪೂರ್ತಿ ಓದಲೂ ಇಲ್ಲ. ಎದೆಗೆ ವೈರು ಅಂಟಿಸಿದಳು. ತೋಳಿಗೆ ಬಿಪಿ ಪಟ್ಟಿಯನ್ನು ಬೇಕೆಂದೇ ಬಿಗಿಯಾಗಿ ಸುತ್ತಿದಳು. ಟ್ರೆಡ್‌ಮಿಲ್ ಉರುಳತೊಡಗಿತು. ಮೂರು ನಿಮಿಷಕ್ಕೊಮ್ಮೆ ವೇಗ ಹೆಚ್ಚಿತು.

‘ಬೆವರು ಇಳೀಲಿ... ನನ್ನ ಕಣ್ಣೀರಿನ ಲೆಕ್ಕಕ್ಕೆ ಇದೇನು ಮಹಾ!’

“ಸಾಕು ಅನ್ಸುತ್ತೆ,” ಅವನು ಏದುಸಿರು ಬಿಟ್ಟ.

“ಇಷ್ಟಕ್ಕೇನಾ? ಓಡಿಹೋಗೋದು ನಿಮಗೆ ಹೊಸದಲ್ವಲ್ಲ!”

ಬಿಪಿ ನೂರ ನಲವತ್ತಾರಕ್ಕೆ ಏರಿತ್ತು. ಮತ್ತೆ ನೋಡಿದರೆ ನೂರ ಹದಿನೆಂಟು! ಓಡುವವನ ಒತ್ತಡ ಏರಬೇಕು, ಇಳಿಯಬಾರದು. ಪಟ್ಟಿ ಸಡಿಲವಾಯಿತೇ? ಮತ್ತೊಮ್ಮೆ ಅಳೆದಳು.

ತೊಂಬತ್ತಾರು.

ಅವಳು ತಟ್ಟನೆ ಯಂತ್ರ ನಿಲ್ಲಿಸಿ, ಕುಸಿಯುತ್ತಿದ್ದವನನ್ನು ತಬ್ಬಿ ಹಿಡಿದಳು. “ಡಾಕ್ಟ್ರೇ!”

ಪಕ್ಕದ ಕೋಣೆಯಿಂದ ಓಡಿ ಬಂದ ಡಾಕ್ಟರು ಅವನನ್ನು ಮಲಗಿಸಿ ಕಾಲೆತ್ತಿ ಹಿಡಿದರು. ಉಸಿರು ಹದಕ್ಕೆ ಬಂದ ಮೇಲೆ, “ಹೊತ್ತಿಗೆ ಸರಿಯಾಗಿ ನಿಲ್ಲಿಸಿದ್ಯಮ್ಮ. ಹೃದಯದ ಸ್ನಾಯು ದಪ್ಪ, ವಂಶದಿಂದ ಬಂದದ್ದು. ಬಿಪಿ ಹೀಗೆ ಇಳಿಯೋದು ಒಳ್ಳೇದಲ್ಲ. ಮಾತ್ರೆ ಬದಲಾಯಿಸೋಣ,” ಎಂದು ಹೊರಟರು.

ಹೊಗಳಿಕೆ ಅವಳ ಎದೆಗೆ ಮುಳ್ಳಿನಂತೆ ಚುಚ್ಚಿತು.

“ನಮ್ಮಪ್ಪನನ್ನ ಬಲಿ ತಗೊಂಡ ಕಾಯಿಲೆನೇ ನನಗೂ ಬಂದಿದೆ ಅಂತ, ಮದುವೆ ಬೇಡ ಅಂದ ಆ ವಾರ ಗೊತ್ತಾಯ್ತು,” ಅವನು ಮೆಲ್ಲಗೆ ಹೇಳಿದ. “ಅಮ್ಮ ಇಪ್ಪತ್ತೇಳಕ್ಕೇ ಒಂಟಿಯಾದ್ಲು. ನಿನಗೂ ಆ ಗತಿ...”

“ಬಾಯಿ ಮುಚ್ಚು! ನನ್ನ ಬದುಕನ್ನ ನೀನೊಬ್ಬನೇ ಕೂತು ತೀರ್ಮಾನ ಮಾಡಿದ್ಯಾ? ಅಷ್ಟು ಕೈಲಾಗದವಳಾ ನಾನು?” ಕಣ್ಣು ತುಂಬಿ ಬಂತು. “ನೀನು ಸಾಕು ಅಂದಾಗ ನಾನು ನಿಲ್ಲಿಸ್ಲಿಲ್ಲ... ಏನಾದ್ರೂ ಆಗಿದ್ರೆ?”

“ಆಗ್ಲಿಲ್ಲವಲ್ಲ. ಹಿಡ್ಕೊಂಡ್ಯಲ್ಲ ನನ್ನ.”

ಅವಳು ಪಟ್ಟಿ ಬಿಚ್ಚಿ, ಕೆಂಪಾಗಿದ್ದ ಅವನ ತೋಳನ್ನು ಸವರಿದಳು.

“ಕ್ಷಮಿಸಿದ್ಯಾ?”

“ಇಲ್ಲ.”

“ಯಾವಾಗ ಕ್ಷಮಿಸ್ತೀಯ?”

“ನನ್ನ ಸಿಟ್ಟು ಇಳಿಯೋಕೆ ಮೂವತ್ತು ವರ್ಷವಾದ್ರೂ ಬೇಕು. ಅಲ್ಲೀವರೆಗೂ ಇರ್ತೀಯಾ?”

ಅವನು ಅವಳ ಬೆರಳುಗಳನ್ನು ಹಿಡಿದುಕೊಂಡ.

“ಇರ್ತೀನಿ ಕಣೇ... ಪ್ರಯತ್ನಪಟ್ಟು ಇರ್ತೀನಿ.”