ಬೀಜಕ್ಕೆ ಉಳಿದ ಗಿಡ

ವಿದ್ಯಾವತಿ ಮೇಡಂ ಕನ್ನಡಕ ತೆಗೆದು ಸಂಶೋಧನಾ ಪತ್ರಿಕೆಯವರ ಪತ್ರವನ್ನು ಮೇಜಿನ ಮೇಲಿಟ್ಟರು. ಆಳಂದದ ಆ ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವರು ಅವರು.

"ಹೂವು ಒಪ್ಪ್ಯಾರ, ಎಲಿ ಒಪ್ಪ್ಯಾರ, ಬೇರೂ ಒಪ್ಪ್ಯಾರ. ಆದ್ರ ಕಾಯಿ ಎಲ್ಲಿ ಅಂತ ಕೇಳ್ಯಾರ ನೋಡು, ಪಂಚಶೀಲಾ."

ಕೇಳಿದ್ದು ನ್ಯಾಯವೇ. ಸಾಸಿವೆ ಕುಟುಂಬದ ಹೂಗಳೆಲ್ಲ ಅಕ್ಕತಂಗಿಯರ ಹಾಗೆ: ಅವೇ ನಾಲ್ಕು ಎಸಳು, ಅವೇ ಆರು ಕೇಸರ. ಇದು ಹೊಸ ಜಾತಿ ಎಂದು ಎದೆ ತಟ್ಟಿ ಹೇಳಬೇಕಾದರೆ ಬಲಿತ ಕಾಯಿ ಬೇಕು. ಕಳೆದ ವರ್ಷದ ಜುಲೈನಲ್ಲಿ ಹಿಮಾಲಯದ ಸ್ಪಿತಿಯ ಬೆಟ್ಟದಲ್ಲಿ, ಹದಿನಾರೂವರೆ ಸಾವಿರ ಅಡಿ ಎತ್ತರದಲ್ಲಿ, ಪಂಚಶೀಲಾ ಕಂಡ ಗಿಡ ಇನ್ನೂ ಹೂವಿನಲ್ಲಿತ್ತು.

"ಸೆಪ್ಟೆಂಬರ್ ಮುಗಿಯೂದ್ರಾಗ ಹಿಮ ಬೀಳ್ತದ. ಲಗೂ ಹೊಂಡ್ರಿ. ಎಪ್ಪತ್ತು ಗಿಡದಾಗ ಒಂದರಾಗರ ಕಾಯಿ ಸಿಕ್ಕೇ ಸಿಗ್ತದ."

ಎಪ್ಪತ್ತು ಎಂದ ಕೂಡಲೇ ಪಂಚಶೀಲಾಳ ಕಿವಿ ಬಿಸಿಯಾದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅವಳ ಕೈ ಚೀಲದಲ್ಲಿದ್ದ ನೋಟ್‌ಬುಕ್ಕಿನ ಮೇಲೆ ಹೋಯಿತು. ಬೆಟ್ಟದ ಮೇಲೆ ಅದರಲ್ಲಿ ಬರೆದದ್ದು ಏಳು. ಅದರ ಪಕ್ಕದ ಸೊನ್ನೆ ಊರಿಗೆ ಬಂದ ಮೇಲೆ ಸೇರಿಸಿದ್ದು.

ಅವಳು ಜೇವರ್ಗಿ ಹತ್ತಿರದ ಇಜೇರಿಯವಳು. ಅವ್ವ ಮರೆಮ್ಮ ಕಳೆ ತೆಗೆಯುವ ಹೆಂಗಸರ ಗುಂಪಿಗೆ ಮುಂದಾಳು. ಹತ್ತನೇ ವಯಸ್ಸಿನಿಂದ ಪಂಚಶೀಲಾ ಅವ್ವನ ಹಿಂದೆ ತೊಗರಿ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಸರಿದವಳು. ಬುಡಕ್ಕೆ ಬೆರಳು ಹಾಕು, ಬೇರು ಸಮೇತ ಎಳೆ, ಮಣ್ಣು ಕೊಡವು, ಮುಂದಕ್ಕೆ ಸರಿ. ಆಮೇಲೆ ಅವಳು ಎಮ್ಮೆಸ್ಸಿ ಮಾಡಿದಳು, ಪಿಎಚ್‌ಡಿ ಮಾಡಿದಳು. ಕೈ ಮಾತ್ರ ಏನನ್ನೂ ಮರೆಯಲಿಲ್ಲ.

ಅವತ್ತು ಬೆಟ್ಟದ ಮೇಲೆ ಏಳೂ ಗಿಡ ಒಂದೇ ಸಾಲಿನಲ್ಲಿದ್ದವು. ಆಲಿಕಲ್ಲು ಶುರುವಾಗಿತ್ತು, ಜೀವ ಅವಸರ ಮಾಡುತ್ತಿತ್ತು. ಬುದ್ಧಿ ಎಚ್ಚರವಾಗುವಷ್ಟರಲ್ಲಿ ಆರು ಗಿಡ ಅವಳ ಮುಷ್ಟಿಯಲ್ಲಿದ್ದವು. ಹತ್ತು ಗಿಡವಿದ್ದರೆ ಒಂದನ್ನು ಮಾತ್ರ ಕೀಳಬೇಕೆಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳುವವಳೂ ಅವಳೇ! ಆರು ಗಿಡ ಒಣಗಿ ಕಾಲೇಜಿನ ಸಸ್ಯಸಂಗ್ರಹದ ಆರು ಹಾಳೆಗೆ ಅಂಟಿದವು. ಏಳರಲ್ಲಿ ಆರು ಕಿತ್ತೆ ಎಂದು ಯಾವ ಬಾಯಿಂದ ಹೇಳುವುದು? ಆ ನಾಚಿಕೆ ಮುಚ್ಚಲು ಒಂದು ಸೊನ್ನೆ ಸಾಕಾಯಿತು.

*

ಮೂವರು ಹೊರಟರು. ಸುನೀಲಕುಮಾರ ಅವಳ ಕಾಲೇಜಿನ ಕಿರಿಯ ಅಧ್ಯಾಪಕ, ಫೋಟೋ ತೆಗೆಯುವವನು. ಕಳೆದ ವರ್ಷ ಎತ್ತರದ ತಲೆನೋವು ಹಿಡಿದು ಕೆಳಗಿನ ಡೇರೆಯಲ್ಲೇ ಮಲಗಿದ್ದ. ಅಜೀಮ ಅಫಜಲಪುರದವನು. ಇಪ್ಪತ್ತು ವರ್ಷ ಫೌಜಿನಲ್ಲಿದ್ದು, ಹಿಮದ ಮೇಲೆ ಎಂಟು ಚಳಿಗಾಲ ಕಳೆದು ಬಂದವನು ಈಗ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಈ ಸಲ ಹೊಸದಾಗಿ ಜೊತೆಯಾದವನು; ಹಗ್ಗದ ಜವಾಬ್ದಾರಿ ಅವನದು.

ಕೊನೆಯ ಹಳ್ಳಿ ದಾಟಿದ ಮೇಲೆ ಮೂರೂವರೆ ದಿನದ ನಡಿಗೆ. ಮರವೆಂಬುದೇ ಇಲ್ಲದ ನಾಡು. ಬೆಟ್ಟಗಳು ಒಂದು ಕಡೆ ಸುಟ್ಟ ಇಟ್ಟಿಗೆಯ ಬಣ್ಣ, ಇನ್ನೊಂದು ಕಡೆ ಬೂದಿ ಬಣ್ಣ. ನೀರು ಕಣಿವೆಯ ತಳದಲ್ಲಿ ಎಲ್ಲೋ ಸದ್ದು ಮಾಡುತ್ತಿತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ. ಹತ್ತು ಹೆಜ್ಜೆ ಇಟ್ಟರೆ ಇಪ್ಪತ್ತು ಸಲ ಉಸಿರಾಡಬೇಕು. ರಾತ್ರಿ ಗಟ್ಟಿಯಾದ ನೀರನ್ನು ಬೆಳಿಗ್ಗೆ ಕರಗಿಸಿಕೊಂಡು, ಖಡಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ತಿಂದು ಮುಂದೆ ಸಾಗುತ್ತಿದ್ದರು.

"ಎಪ್ಪತ್ತೂ ಗಿಡದ ಫೋಟೋ ಹೊಡೀತೇನ್ರಿ ಮೇಡಂ," ಎಂದು ಸುನೀಲಕುಮಾರ ದಾರಿಯುದ್ದಕ್ಕೂ ಹೇಳುತ್ತಿದ್ದ. ಪ್ರತಿ ಸಲವೂ ಅವಳು ಬೂಟಿನ ದಾರ ಬಿಗಿದುಕೊಳ್ಳುವ ನೆಪದಲ್ಲಿ ಬಗ್ಗುತ್ತಿದ್ದಳು.

ನಾಲ್ಕನೇ ದಿನ ಮಧ್ಯಾಹ್ನ ಆ ಇಳಿಜಾರು ಬಂತು. ಅಂಗೈಯಗಲದ ಕಲ್ಚೂರುಗಳೇ ಹಾಸಿದ ಜಾಗ. ಕಾಲಿಟ್ಟರೆ ಜಾರುತ್ತದೆ. ಕೆಳಗೆ ಇನ್ನೂರು ಅಡಿಯ ಪ್ರಪಾತ.

ಪಂಚಶೀಲಾ ಮೊದಲು ನೋಡಿದಳು. ಏಳನೆಯ ಗಿಡ ಬದುಕಿತ್ತು! ಮುಷ್ಟಿಯಷ್ಟೇ ಗಾತ್ರ, ಬೂದು ರೋಮದ ಎಲೆ, ಮೇಲೆ ಹನ್ನೊಂದು ಕಂದು ಕಾಯಿ.

"ಒಂದೇ ಅದಲ್ರಿ," ಎಂದ ಸುನೀಲಕುಮಾರ. "ಉಳಿದವು ಎಲ್ಲಿ ಅದಾವ?"

ಹೇಳಬೇಕಾದ ಹೊತ್ತು ಅದೇ. ಆದರೆ ಅವಳ ಬೆರಳು ಎದುರಿನ ಬಂಡೆಯತ್ತ ಚಾಚಿತು. "ಆ ಕಡೀ ಇರಬೇಕು."

ಸುನೀಲಕುಮಾರ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಇನ್ನೊಂದು ತುದಿಯನ್ನು ಅಜೀಮನಿಗೆ ಕೊಟ್ಟು ಹೊರಟ. ಬ್ಯಾಡ ಅನ್ನಲು ಅವಳಿಗೆ ಹತ್ತು ಹೆಜ್ಜೆಯಷ್ಟು ಸಮಯವಿತ್ತು. ಅನ್ನಲಿಲ್ಲ.

ಹನ್ನೊಂದನೇ ಹೆಜ್ಜೆಗೆ ಇಳಿಜಾರು ಜರಿಯಿತು.

"ಹಗ್ಗ!" ಅಜೀಮ ಚೀರಿದ. ಹಿಮ್ಮಡಿಯನ್ನು ಬಂಡೆಯ ಸಂದಿಗೆ ಒತ್ತಿ ಹಿಂದಕ್ಕೆ ವಾಲಿದ.

ಕಲ್ಲುಗಳು ದಬದಬ ಉರುಳಿದವು. ಸುನೀಲಕುಮಾರ ಅವುಗಳ ಜೊತೆ ಜಾರಿದ. ಕ್ಯಾಮೆರಾ ಪ್ರಪಾತಕ್ಕೆ ಹಾರಿತು. ಹಗ್ಗ ಬಿಗಿದು ನಿಂತಾಗ ಅವನ ಕಾಲುಗಳು ಅಂಚಿನಾಚೆ ಗಾಳಿಯಲ್ಲಿದ್ದವು.

"ಮೇಡಂ, ನಿಂತೀರೇನು? ಜಗ್ರಿ!" ಅಜೀಮ ಕೂಗಿದ.

ಅವಳು ಜಗ್ಗಿದಳು. ಅಂಗೈ ಸುಲಿದು ಹಗ್ಗ ಕೆಂಪಾಯಿತು. ಒಂದು ಮೊಳ. ಇನ್ನೊಂದು ಮೊಳ. ಕೊನೆಗೂ ಸುನೀಲಕುಮಾರ ಮೇಲೆ ಬಂದು ಬೋರಲು ಬಿದ್ದ. ಹಣೆ ಒಡೆದಿತ್ತು, ಕಾಲಿನ ಗಿಣ್ಣು ಬಾತಿತ್ತು.

"ಮಾಫ್ ಮಾಡ್ರಿ ಮೇಡಂ," ಎಂದ, ಉಸಿರು ಸಿಕ್ಕ ಮೇಲೆ. "ಅಲ್ಲಿ ಒಂದೂ ಕಾಣ್ಲಿಲ್ಲ. ಇನ್ನಾ ಸ್ವಲ್ಪ ಮ್ಯಾಲ ನೋಡೂಣೇನ್ರಿ?"

ಅವನೇ ಕ್ಷಮೆ ಕೇಳುತ್ತಿದ್ದಾನೆ! ನಾಚಿಕೆಯಿಂದ ನೆಲಕ್ಕೆ ಇಳಿದು ಹೋಗುವಂತಾಯಿತು ಅವಳಿಗೆ. ಅಲ್ಲೇ ಕುಸಿದು ಕೂತಳು.

"ಇಲ್ಲ ಸುನೀಲ. ಎಲ್ಲೂ ಇಲ್ಲ. ಇದ್ದಿದ್ದೇ ಏಳು. ಆರು ನಾನೇ ಕಿತ್ತೇನಿ. ಎಪ್ಪತ್ತು ಅಂತ ಸುಳ್ಳು ಬರದೇನಿ."

ಅವನು ಹಣೆಯ ರಕ್ತ ಒರೆಸಿಕೊಂಡು ಎದ್ದು ಕೂತ. "ಇದು ಗೊತ್ತಿದ್ದೇ ಕಳಿಸಿದ್ರೇನ್ರಿ ನನ್ನ?"

"ಹೌದು."

ಅಜೀಮ ಹಗ್ಗ ಸುತ್ತುತ್ತ ಎದ್ದ. "ಜಗಳಾ ಕೆಳಗ ಹೋಗಿ ಮಾಡ್ರಿ. ಮೋಡ ಏರಾಕತ್ತದ. ಕೆಲಸ ಏನದ, ಅದು ಮುಗಸ್ರಿ."

ಹನ್ನೊಂದು ಕಾಯಿಗಳಲ್ಲಿ ಎರಡನ್ನು ತೆಗೆದುಕೊಂಡು, ಒಂಬತ್ತನ್ನು ಗಿಡದಲ್ಲೇ ಬಿಡುವುದೆಂದಾಯಿತು. ಪಂಚಶೀಲಾ ಗಿಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಕತ್ತರಿಯನ್ನು ಸುನೀಲಕುಮಾರನ ಕೈಗೆ ಕೊಟ್ಟಳು.

"ನೀವ ಕತ್ತರಸ್ರಿ. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ."

ಅವನು ಎರಡು ಕಾಯಿ ಕತ್ತರಿಸಿದ. ಮೊಬೈಲಿನಲ್ಲೇ ಫೋಟೋ ತೆಗೆದರು, ಅಳತೆ ಬರೆದುಕೊಂಡರು. ಗಿಡಗಳ ಲೆಕ್ಕದ ಜಾಗದಲ್ಲಿ ಅವಳು ಒಂದು ಎಂದು ಬರೆದಳು.

ಇಳಿಯುವಾಗ ಹಿಮ ಹಿಡಿಯಿತು. ಕುಂಟುವ ಸುನೀಲಕುಮಾರನನ್ನು ಸರದಿಯ ಮೇಲೆ ಹೆಗಲಿಗೆ ಆನಿಸಿಕೊಂಡು, ತಡವರಿಸುತ್ತ, ಬೀಳುತ್ತ ನಾಲ್ಕು ದಿನ ನಡೆದರು. ಮೂರನೇ ದಿನ ಅವನು, "ಮೇಡಂ, ನೀರು ಅದಾವೇನ್ರಿ?" ಎಂದ. ಬೆಟ್ಟ ಬಿಟ್ಟ ಮೇಲೆ ಅವಳಿಗೆ ಆಡಿದ ಮೊದಲ ಮಾತು ಅದು.

*

ವಿದ್ಯಾವತಿ ಮೇಡಂ ಎಲ್ಲ ಕೇಳಿ ಕಿಟಕಿಯತ್ತ ತಿರುಗಿದರು. "ಆ ಆರು ಹಾಳಿ ಎಲ್ಲಾರಿಗೂ ತೋರ್ಸಿ ಹೊಗಳಿದ್ನಲ್ಲ ನಾ," ಎಂದರು. ಆಮೇಲೆ ಪತ್ರಿಕೆಯವರ ಪತ್ರವನ್ನು ಅವಳತ್ತ ಸರಿಸಿ, "ಬರಿ. ಏಳು ಅಂತ ಬರಿ. ಆರು ಯಾರು ಕಿತ್ರು ಅಂತನೂ ಬರಿ," ಎಂದರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಪಂಚಶೀಲಾ ಬರೆದಳು. ಗಿಡಕ್ಕೆ ಅವ್ವನ ಹೆಸರಿಡಬೇಕೆಂದಿದ್ದವಳು ಅದನ್ನು ಹೊಡೆದುಹಾಕಿ, ಆ ಬೆಟ್ಟದ ಹೆಸರನ್ನೇ ಇಟ್ಟಳು. ಮೂರು ತಿಂಗಳಿಗೆ ಒಪ್ಪಿಗೆ ಬಂತು: ಸಾಸಿವೆ ಕುಟುಂಬಕ್ಕೆ ಒಂದು ಹೊಸ ಜಾತಿ, ಜೊತೆಗೆ ಅವಳ ತಪ್ಪಿನ ಎರಡು ಸಾಲು. ಶಾಲು ಹೊದಿಸುತ್ತೇವೆ ಎಂದ ಕಾಲೇಜಿನವರಿಗೆ ಕೈ ಮುಗಿದು ಅವಳು ಜೇವರ್ಗಿಯ ಬಸ್ಸು ಹತ್ತಿದಳು.

ಮರೆಮ್ಮ ಅಂಗಳದಲ್ಲಿ ಕೂತು ಇಡೀ ಕತೆ ಕೇಳಿದಳು.

"ಬೀಜಕ್ಕಂತ ಬಿಡಲಿಲ್ಲೇನ್ ಬೇ?"

"ಇಲ್ಲವ್ವಾ."

"ಹೊಲದಾಗ ತಾನ ಹುಟ್ಟೂ ಹತ್ತರಕಿ ಸೊಪ್ಪು ಸಿಕ್ರ ಸೈತ ನಾವು ಬೀಜಕ್ಕ ನಾಕು ಬಿಟ್ಟ ಬರ್ತೀವಿ. ಇಷ್ಟ ವರ್ಷ ನನ್ನ ಹಿಂದ ಬಂದಿ. ಕೀಳೂದು ನೋಡಿದಿ, ಬಿಡೂದು ನೋಡಲಿಲ್ಲ."

"ನಿನ್ನ ಹೆಸರು ಇಡಬೇಕಂತಿದ್ದೆ. ಆದ್ರ ನಿನಗ ತೋರಸಾಕ ನನಗ ಮಾರಿ ಇರಲಿಲ್ಲ."

"ಚಲೋ ಆತು, ಇಡಲಿಲ್ಲ," ಎಂದಳು ಮರೆಮ್ಮ. "ನಾಳಿ ಹೊಲಕ್ಕ ಬಾ."

ಮರುದಿನ ಬೆಳಿಗ್ಗೆ ಕಡಲೆ ಹೊಲದಲ್ಲಿ ಪಂಚಶೀಲಾ ಅವ್ವನ ಹಿಂದೆ ಸಾಲು ಹಿಡಿದಳು. ಬದುವಿನ ಹತ್ತಿರ ಹತ್ತರಕಿ ಸೊಪ್ಪು ಹುಲುಸಾಗಿ ಬಂದಿತ್ತು. ಕೀಳುತ್ತ ಹೋದಳು. ಕೊನೆಗೆ ನಾಲ್ಕು ಗಿಡ ಉಳಿದವು. ಬೆರಳು ಆಗಲೇ ಬುಡಕ್ಕೆ ಹೋಗಿತ್ತು. ಅಲ್ಲೇ ತಡೆದು ಕೈ ಹಿಂದಕ್ಕೆ ಎಳೆದುಕೊಂಡಳು.

ಮರೆಮ್ಮ ತಿರುಗಿ ಆ ನಾಲ್ಕು ಗಿಡ ಎಣಿಸಿದಳು. ಮುಂದಿನ ಸಾಲಿಗೆ ಸರಿದಳು. ಪಂಚಶೀಲಾ ಉಡಿಯಲ್ಲಿದ್ದ ಸೊಪ್ಪು ಸರಿಮಾಡಿಕೊಂಡು ಅವಳ ಹಿಂದೆ ಹೋದಳು.