ಪಂಪ್‌ಸೆಟ್ ಹುಡುಗನ ಕಾಲು

ಸೋಮವಾರ ಬೆಳಿಗ್ಗೆ ಮಧುಗಿರಿ ಠಾಣೆಯ ಮೆಟ್ಟಿಲು ಹತ್ತಿದ ಆಂಜಿನಮ್ಮ ದೂರು ಕೊಡುವ ಮೊದಲೇ ಬೈಯಲು ಶುರುಮಾಡಿದಳು. ಆ ಬೈಗುಳ ಯಾರ ಮೇಲೆ ಎಂದು ತಿಳಿಯಬೇಕಾದರೆ ಹೆಡ್ ಕಾನ್‌ಸ್ಟೆಬಲ್ ದೊಡ್ಡರಂಗಯ್ಯ ಒಂದು ಲೋಟ ನೀರು ಕೊಟ್ಟು, ಎರಡು ಸಲ “ಕೂತ್ಕಳಮ್ಮ” ಅನ್ನಬೇಕಾಯಿತು.

“ಇವತ್ತು ನಸುಕಿಗೇ ನನ್ನ ಮಗನ ಕಾಲು ಮುರುದವ್ರೆ ಸಾಮಿ. ನಾಯನಾ ಭೀಮರಾಜು, ಆ ಕಂಪ್ನಿಯೋರ ಸಾವಾಸ ಬ್ಯಾಡ ಕಣಪ್ಪ ಅಂದೆ, ಕೇಳ್ಲಿಲ್ಲ!”

ಭೀಮರಾಜು ಯಾರೆಂದು ಠಾಣೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ವೈ.ಎನ್.ಹೊಸಕೋಟೆ ಕಡೆಯ ಈ ಹುಡುಗ ಮಧುಗಿರಿಯ ಒಂದು ಖಾಸಗಿ ಕಾಲೇಜಿನ ಕಬಡ್ಡಿ ತಂಡದ ರೈಡರ್. ಹೋದ ವರ್ಷ ಅವನು ಮೂವರನ್ನು ಎಳೆದುಕೊಂಡು ಬಂದು ಗೆರೆ ಮುಟ್ಟಿದ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಅದನ್ನು ನೋಡಿ ಒಂದು ಪಂಪ್‌ಸೆಟ್ ಕಂಪನಿ ಅವನ ಕೈಗೆ ಎರಡು ಲಕ್ಷ ಕೊಟ್ಟು, ಸಿರಾ ರಸ್ತೆಯಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿಸಿತು. ಅದರಲ್ಲಿ ಭೀಮರಾಜು ಪಂಪನ್ನು ತಬ್ಬಿಕೊಂಡು ನಗುತ್ತಿದ್ದ. ಆಮೇಲೆ ಅವನಿಗೆ ಬುಲೆಟ್ ಬೈಕ್ ಬಂತು, ತಾಯಿಯ ಮನೆಗೆ ತಾರಸಿ ಬಂತು, ಕರೆಯದೆಯೇ ನೆಂಟರೂ ಬಂದರು. ಬೆಂಗಳೂರಿನ ದೊಡ್ಡ ಕಾಲೇಜೊಂದು ಫೀಸು, ಹಾಸ್ಟೆಲು, ಮೇಲಿಷ್ಟು ಖರ್ಚಿಗೆ ಎಂದು ಆಸೆ ತೋರಿಸಿ ಕರೆಯುತ್ತಿತ್ತು. ಗುರುವಾರ ಅಲ್ಲಿ ಆಯ್ಕೆಗೆ ಹೋಗಬೇಕಿತ್ತು. ಈಗ ನೋಡಿದರೆ ಆ ಕಾಲಿಗೆ ಪ್ಲಾಸ್ಟರ್ ಬಿದ್ದಿತ್ತು.

ಇನ್‌ಸ್ಪೆಕ್ಟರ್ ರಾಧಾಮಣಿ ದೂರನ್ನು ಬರೆಸಿಕೊಂಡು, ಅಪರಿಚಿತ ವ್ಯಕ್ತಿಯ ಮೇಲೆ ಅಡ್ಡಗಟ್ಟಿ ತೀವ್ರ ಗಾಯಪಡಿಸಿದ ಕಲಂಗಳಡಿ ಎಫ್‌ಐಆರ್ ದಾಖಲಿಸಿದರು. ಹತ್ತೂವರೆಗೆ ಇಬ್ಬರು ಪಂಚರೊಂದಿಗೆ ಬೆಟ್ಟದ ಬುಡಕ್ಕೆ ಹೋಗಿ ಸ್ಥಳ ಮಹಜರು ನಡೆಸಿದರು. ಭೀಮರಾಜು ದಿನಾ ಬೆಳಿಗ್ಗೆ ಒಬ್ಬನೇ ಓಡುವ ದಾರಿ ಅದು. ಜಾಲಿ ಪೊದೆಯ ಪಕ್ಕ ಇಬ್ಬರು ಬಿದ್ದು ಹೊರಳಾಡಿದ ಗುರುತು ಬಿಟ್ಟರೆ ದೊಣ್ಣೆ, ಕಲ್ಲು, ರಕ್ತ ಏನೂ ಸಿಗಲಿಲ್ಲ.

ಆಸ್ಪತ್ರೆಯ ಡಾಕ್ಟರೂ ಅದನ್ನೇ ಹೇಳಿದರು. “ಹೊಡೆದಿದ್ದಲ್ಲ ಮೇಡಂ. ಪಾದ ಹಿಡಿದು ತಿರುಚಿದ್ದಾರೆ. ಮೂಳೆ ಕೂಡುತ್ತೆ. ಆದರೆ ಮೊದಲಿನ ಥರ ಆಡ್ತಾನಾ ಅಂದ್ರೆ, ಈಗಲೇ ಹೇಳೋಕಾಗಲ್ಲ.”

ಭೀಮರಾಜು ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

“ಎಷ್ಟು ಜನ ಇದ್ದರು?”

“ಒಬ್ನೇ.”

“ಮುಖ?”

“ಟವೆಲ್ ಸುತ್ಕಂಡಿದ್ದ.”

“ಏನಾದರೂ ಮಾತಾಡಿದನಾ?”

“ಇಲ್ಲ ಮೇಡಂ.”

“ಹಿಡಿದವನು ಬಿಟ್ಟಿದ್ದು ಹೇಗೆ? ಯಾರಾದರೂ ಬಂದರಾ?”

“ಯಾರೂ ಬರ್ಲಿಲ್ಲ. ನೋವಾಯ್ತು, ನೆಲ ತಟ್ದೆ. ಬುಟ್ಬುಟ್ಟ.” ಅಷ್ಟು ಹೇಳಿ ಹುಡುಗ ತುಟಿ ಕಚ್ಚಿಕೊಂಡ. ಆಮೇಲೆ ಏನು ಕೇಳಿದರೂ “ಗೊತ್ತಿಲ್ಲ” ಎನ್ನುವುದೊಂದೇ ಉತ್ತರ.

ಬಾಗಿಲ ಬಳಿ ಪಂಪ್‌ಸೆಟ್ ಕಂಪನಿಯ ಏಜೆಂಟ್ ನವೀನ್‌ಕುಮಾರ್ ಕಾಯುತ್ತಿದ್ದ. ಬೆಂಗಳೂರು ಕಾಲೇಜಿನ ಮಾತುಕತೆಯೂ ಅವನ ಮೂಲಕವೇ ನಡೆದಿತ್ತು. ಯಾರೂ ಕೇಳದಿದ್ದರೂ ಅವನು ತಾನೇ ತನಿಖೆ ಮುಗಿಸಿಬಿಟ್ಟಿದ್ದ.

“ಸಿರಾ ಟೀಮಿನವರದ್ದೇ ಕೆಲಸ ಮೇಡಂ. ಹೋದ ಸಲ ಸೋತಾಗ ‘ನೋಡ್ಕೋತೀವಿ’ ಅಂದಿದ್ರು.”

ಪೊಲೀಸರಿಗೆ ಇಂಥ ಉಪಕಾರಿಗಳ ಕೊರತೆಯೇ? ಆದರೂ ಬಿಡುವಂತಿಲ್ಲ. ದೊಡ್ಡರಂಗಯ್ಯ ಬಿಸಿಲಲ್ಲಿ ಸಿರಾಕ್ಕೆ, ಅಲ್ಲಿಂದ ಕೊರಟಗೆರೆಗೆ ಹೋಗಿ, ಸಂಜೆ ಬೆವರು ಒರೆಸಿಕೊಳ್ಳುತ್ತಾ ಬಂದ.

“ಭಾನುವಾರ ಕೊರಟಗೆರೇಲಿ ಟೂರ್ನಮೆಂಟ್ ಆಡಿ, ರಾತ್ರಿ ಅಲ್ಲೇ ಛತ್ರದಾಗೆ ಮಲಗವ್ರೆ ಮೇಡಂ. ಬೆಳಿಗ್ಗೆ ಕಾಫಿ ಕೊಟ್ಟೋನೂ ಹೌದು ಅಂದ. ಸುಮ್ನೆ ನನ್ನ ಪೆಟ್ರೋಲು ದಂಡ.”

ರಾಧಾಮಣಿಯವರ ತಲೆಯಲ್ಲಿ ಕೊರೆಯುತ್ತಿದ್ದುದು ಬೇರೆ. ಕಾಲು ಮುರಿಯಲೆಂದೇ ಬಂದವನು, ನೋವಾಯಿತೆಂದು ನೆಲ ತಟ್ಟಿದರೆ ಬಿಡುತ್ತಾನೆಯೇ?

ಮಂಗಳವಾರ ಬೆಳಿಗ್ಗೆ ಅವರು ಮಫ್ತಿಯಲ್ಲಿ ಕಾಲೇಜಿನ ಮೈದಾನಕ್ಕೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತರು. ಹುಡುಗರು ಮಣ್ಣಿನ ಅಂಕಣದಲ್ಲಿ ಅಭ್ಯಾಸ ಮಾಡುತ್ತಿದ್ದರು. ಐದಾರು ಜನ ಒಬ್ಬನ ಮೇಲೆ ಬಿದ್ದರು. ಅಡಿಯಲ್ಲಿದ್ದವನು ಅಂಗೈಯಿಂದ ನೆಲಕ್ಕೆ ಪಟಪಟನೆ ಬಡಿದ. ಎಲ್ಲರೂ ಒಂದೇ ಏಟಿಗೆ ಕೈಬಿಟ್ಟು ಎದ್ದು ನಿಂತರು.

“ಅದೇನದು ಸಾರ್?”

ಪಕ್ಕದಲ್ಲಿ ನಿಂತಿದ್ದ ದೈಹಿಕ ಶಿಕ್ಷಣದ ಮೇಷ್ಟ್ರು ದೇವರಾಜು ನಕ್ಕರು. “ನಮ್ಮ ಗ್ರೌಂಡಿನ ಕಾನೂನು ಮೇಡಂ. ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗನ ಭುಜ ಕಳಚಿಹೋಯ್ತು. ಆವತ್ತಿಂದ ನೆಲ ತಟ್ಟಿದ್ರೆ ಬಿಡಲೇಬೇಕು. ಬಿಡದಿದ್ದೋನಿಗೆ ಆ ದಿನ ಊಟದವರೆಗೂ ಓಟ. ಈಗ ನಿದ್ದೇಲಿ ತಟ್ಟಿದ್ರೂ ಬಿಡ್ತಾರೆ.”

“ಬೇರೆ ತಂಡಗಳಲ್ಲೂ ಇದೆಯಾ?”

“ಪಂದ್ಯದಲ್ಲಿ ಯಾರು ಬಿಡ್ತಾರೆ? ಇದು ನಾನು ಮಾಡಿದ್ದು, ಇಲ್ಲಿ ಮಾತ್ರ.”

“ಪಾದ ಹಿಡಿಯೋದ್ರಲ್ಲಿ ನಿಮ್ಮಲ್ಲಿ ಗಟ್ಟಿಗ ಯಾರು?”

ಮೇಷ್ಟ್ರ ಮುಖದ ನಗು ಹೋಯಿತು. ಅವರ ಕಣ್ಣು ಅಂಕಣದ ಎಡಮೂಲೆಯಲ್ಲಿ ನಿಂತಿದ್ದ ಹುಡುಗನ ಕಡೆ ಹೋಯಿತು. ಬುಕ್ಕಾಪಟ್ಟಣದ ಮುತ್ತುರಾಜು. ಎರಡು ವರ್ಷದಿಂದ ಭೀಮರಾಜು ಜೊತೆ ಒಂದೇ ರೂಮಿನಲ್ಲಿದ್ದವನು, ಹಬ್ಬಕ್ಕೆ ಅವನ ಮನೆಗೇ ಹೋಗಿ ಆಂಜಿನಮ್ಮನ ಕೈಯಲ್ಲಿ ಒಬ್ಬಟ್ಟು ತಿಂದವನು.

ಠಾಣೆಗೆ ಕರೆಸಿದಾಗ ಮುತ್ತುರಾಜು ತುಂಬುತೋಳಿನ ಅಂಗಿ ಹಾಕಿಕೊಂಡಿದ್ದ. ಮಧುಗಿರಿಯ ಬೇಸಿಗೆಯಲ್ಲಿ!

“ತೋಳು ಮಡಚಲಾ,” ಎಂದ ದೊಡ್ಡರಂಗಯ್ಯ.

ಮೊಣಕೈವರೆಗೂ ಮುಳ್ಳು ಗೀರಿದ ಗಾಯಗಳಿದ್ದವು.

“ಸೋಮವಾರ ಬೆಳಿಗ್ಗೆ ಎಲ್ಲಿದ್ದೆ?” ಎಂದು ಕೇಳಿದರು ರಾಧಾಮಣಿ.

“ರೂಮಲ್ಲಿ.”

“ಅವನು ನೆಲ ತಟ್ಟಿದಾಗ ಯಾಕೆ ಬಿಟ್ಟೆ?”

ಹುಡುಗ ತಲೆ ಎತ್ತಿದ. ಉತ್ತರಕ್ಕೆಂದು ಬಾಯಿ ತೆರೆದವನು ಅಳಲು ಶುರುಮಾಡಿದ. “ತಟ್ಟಿದ ತಕ್ಷಣ ಬುಟ್ಟೆ ಮೇಡಂ. ದೇವ್ರಾಣೆ ಬುಟ್ಟೆ. ಅಷ್ಟೊತ್ತಿಗೆ ಲಟಕ್ ಅಂದಿತ್ತು.”

ಮಧ್ಯಾಹ್ನ ಅವನೇ ದಾರಿ ತೋರಿಸಿ, ಹಾಸ್ಟೆಲ್ ಹಿಂದಿನ ಪಾಳುಬಾವಿಯಿಂದ ಟವೆಲ್ ತೆಗೆಸಿಕೊಟ್ಟ. ಪಂಚರ ಎದುರು ಅದನ್ನು ವಶಕ್ಕೆ ಪಡೆದು, ಮೂರು ಗಂಟೆಗೆ ಬಂಧನ ದಾಖಲಿಸಿ, ಮನೆಯವರಿಗೆ ಫೋನ್ ಮಾಡಲಾಯಿತು. ಜಾಮೀನು ಸಿಗುವ ಕಲಂಗಳೇ. ಆದರೆ ಜಾಮೀನಿಗೆ ಚಿಕ್ಕಪ್ಪ ಬುಕ್ಕಾಪಟ್ಟಣದಿಂದ ಬಸ್ ಹಿಡಿದು ಬರಬೇಕಿತ್ತು.

ಅವನ ಹೇಳಿಕೆ ಸುತ್ತುಬಳಸು ಇಲ್ಲದ್ದು. ಕಾಲೇಜಿನವರು ತಂಡದ ಹುಡುಗರಿಗೆಲ್ಲ ಬಿಟ್ಟಿ ಸೀಟು, ಬಿಟ್ಟಿ ಹಾಸ್ಟೆಲ್ ಕೊಟ್ಟಿದ್ದು ಭೀಮರಾಜು ಇದ್ದಾನೆಂದು. ಅವನು ಹೋದರೆ ಮಿಕ್ಕವರೂ ಗಂಟು ಕಟ್ಟಬೇಕೆಂದು ಆಫೀಸಿನವರು ಬಾಯಿಬಿಟ್ಟೇ ಹೇಳಿದ್ದರು. ಮುತ್ತುರಾಜುಗೆ ಡಿಗ್ರಿ ಮುಗಿಯಲು ಇನ್ನೊಂದು ವರ್ಷವಿತ್ತು. ಅವರ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವನು ಅವನೊಬ್ಬನೇ.

“ಗುರುವಾರ ಒಂದಿನ ತಪ್ಪಿದ್ರೆ ಸಾಕಾಗಿತ್ತು ಮೇಡಂ. ಉಳುಕಿಸ್ಬೇಕು ಅಂತ ಹೋದೆ, ಮುರೀಬೇಕು ಅಂತಲ್ಲ. ಮುಂಚೆ ಎಲ್ಲಾನೂ ಹೇಳೋನು, ಒಂದು ಬೀಡಾ ತಿಂದ್ರೂ ಹೇಳೋನು. ಫ್ಲೆಕ್ಸ್ ಬಂದ ಮ್ಯಾಲೆ ಬಾಯೇ ಬುಡ್ತಿರ್ಲಿಲ್ಲ. ಫೋನ್ ಬಂದ್ರೆ ಆಚೆ ಹೋಗೋನು. ಗುರುವಾರ ಬೆಂಗಳೂರು ಅನ್ನೋದು ಕಿಟಕಿಯಿಂದ ಕೇಳಿಸ್ಕಂಡಿದ್ದೆ. ಭಾನುವಾರ ನೋಡಿದ್ರೆ ಬ್ಯಾಗ್ ಕಟ್ಟಿಟ್ಟವ್ನೆ. ನಂಗೆ ಒಂದ್ ಮಾತು ಹೇಳ್ಲಿಲ್ಲ.”

ಸಂಜೆ ಮರುಹೇಳಿಕೆಗೆ ರಾಧಾಮಣಿ ದೊಡ್ಡರಂಗಯ್ಯನೊಂದಿಗೆ ಆಸ್ಪತ್ರೆಗೆ ಹೋದರು. ಬಂಧನದ ಸುದ್ದಿ ಕೇಳಿ ಆಂಜಿನಮ್ಮ “ಮುತ್ತುನಾ?” ಎಂದವಳು ಸೆರಗು ಬಾಯಿಗಿಟ್ಟು ನೆಲದ ಮೇಲೆ ಕೂತುಬಿಟ್ಟಳು.

“ಅವನೇ ಅಂತ ನಿನಗೆ ಗೊತ್ತಿತ್ತು,” ಎಂದರು ರಾಧಾಮಣಿ.

“ಹಿಡ್ದಾಗ್ಲೇ ಗೊತ್ತಾಯ್ತು. ಆ ಹಿಡಿತ ನಂಗೆ ಗೊತ್ತಿಲ್ವಾ ಮೇಡಂ?”

“ಬೆಂಗಳೂರಿಗೆ ಹೋಗೋದನ್ನ ಯಾಕೆ ಮುಚ್ಚಿಟ್ಟೆ?”

“ನವೀನಣ್ಣ ಹೇಳ್ಬ್ಯಾಡ ಅಂದಿದ್ರು. ಪೇಪರ್ ಕೈಗೆ ಬರೋಗಂಟ ಯಾರಿಗಾದ್ರೂ ಬಾಯಿ ಬುಟ್ರೆ ಕಂಪ್ನಿ ದುಡ್ಡೂ ವಾಪಸ್, ಸೀಟೂ ಇಲ್ಲ ಅಂತ.” ಹುಡುಗ ತಾಯಿಯ ಕಡೆ ನೋಡಿದ. “ಮುತ್ತುನೂ ತಗಂಡ್ರೆ ಬತ್ತೀನಿ, ಇಲ್ಲಾಂದ್ರೆ ಇಲ್ಲ ಅಂತ ಕೂತಿದ್ದೆ. ಭಾನುವಾರ ಸಂಜೆ ಒಪ್ಕಂಡ್ರು. ಇಬ್ರೂ ಬನ್ನಿ ಅಂದ್ರು. ಬಸ್ ಹತ್ತಿಸ್ಬುಟ್ಟು ಹೇಳಾನಾ ಅಂತಿದ್ದೆ.”

ಹೊರಗೆ ನಿಂತಿದ್ದ ನವೀನ್‌ಕುಮಾರ್ ಅದು ನಿಜವೆಂದು ಒಪ್ಪಿದ. ಬೆಂಗಳೂರು ಕಾಲೇಜು ಆಗಲೇ ಫೋನ್ ಮಾಡಿ ಇಬ್ಬರೂ ಬೇಡ ಅಂದಿತ್ತು. ಪಂಪಿನ ರೇಟು ಹೇಳಿದಂತೆ ಅವನು ಅದನ್ನು ಹೇಳಿದ್ದು ಕಂಡು ದೊಡ್ಡರಂಗಯ್ಯನಿಗೆ ಕೆನ್ನೆಗೆ ಎರಡು ಬಿಡುವಷ್ಟು ಸಿಟ್ಟು ಬಂತು. ಆದರೆ ಗುಟ್ಟು ಮಾಡಿದ್ದಕ್ಕೆ ಯಾವ ಕಲಮೂ ಇಲ್ಲ.

ಠಾಣೆಗೆ ವಾಪಸಾದಾಗ ಮುತ್ತುರಾಜು ಬೆಂಚಿನ ಮೇಲೆ ಕೂತಿದ್ದ. ಹೇಳಲೇಬೇಕೆಂಬ ನಿಯಮವೇನೂ ಇರಲಿಲ್ಲ. ಆದರೂ ರಾಧಾಮಣಿ ಎದುರು ಕೂತು, ಭೀಮರಾಜು ಅವನನ್ನೂ ಬೆಂಗಳೂರಿಗೆ ಕರೆದೊಯ್ಯಲು ಹಟ ಹಿಡಿದು ಒಪ್ಪಿಸಿದ್ದನ್ನು ಹೇಳಿದರು.

“ಸುಳ್ಳು ಹೇಳ್ಬ್ಯಾಡಿ ಮೇಡಂ.”

“ಸುಳ್ಳಲ್ಲಪ್ಪ. ಅವನ ಹೇಳಿಕೆಯಲ್ಲೇ ಇದೆ.”

“ಹಂಗಾರೆ ನಾನು ಅವನ್ನ ಒಂದ್ ಮಾತು ಕೇಳಿದ್ರೆ ಸಾಕಾಗಿತ್ತಾ?”

“ಸಾಕಾಗಿತ್ತು,” ಎಂದರು ರಾಧಾಮಣಿ.

ಚಿಕ್ಕಪ್ಪನ ಬಸ್ಸು ಇನ್ನೂ ಬಂದಿರಲಿಲ್ಲ. ಬೆಂಚಿನ ಮೇಲೇ ಇರು ಎಂದು ದೊಡ್ಡರಂಗಯ್ಯ ಹೇಳುತ್ತಿದ್ದಂತೆಯೇ ಮುತ್ತುರಾಜು ಎದ್ದು, ತೆರೆದಿದ್ದ ಲಾಕಪ್ಪಿನೊಳಗೆ ತಾನಾಗೇ ನಡೆದು ಹೋಗಿ ಗೋಡೆಗೆ ಮುಖ ಮಾಡಿ ಕೂತ.