ಸೂಜಿ ಡಾಕ್ಟರು ಮತ್ತು ಲೆಕ್ಕದ ಮೇಡಂ

"ನನ್ನ ಕೋಣೆಗೆ ಬೀಗ ಹಾಕಿಸೋಕೆ ಬಂದಿರೋದು ನೀವೇನಾ?"

ಆ ಪ್ರಶ್ನೆಗೆ ಅವಳ ಕಾಲು ಹೊಸ್ತಿಲಲ್ಲೇ ನಿಂತಿತು.

ಆಸ್ಪತ್ರೆಯ ಕೆಳಮಹಡಿಯ ಕೊನೆಯ ಕೋಣೆ. ಎರಡು ಮಂಚ, ನಡುವೆ ತಿಳಿಹಸಿರು ಪರದೆ, ಸ್ಪಿರಿಟ್ ವಾಸನೆ. ಅಲ್ಲಿ ಅಕ್ಯುಪಂಕ್ಚರ್ ಮಾಡುತ್ತಿದ್ದ ಅವನು ರೋಗಿಗಳ ಬಾಯಲ್ಲಿ 'ಸೂಜಿ ಡಾಕ್ಟರು'. ಅವಳು ಅರ್ಥಶಾಸ್ತ್ರ ಓದಿದವಳು. ಮಾತ್ರೆ, ವ್ಯಾಯಾಮದ ಜೊತೆ ಸೂಜಿಯನ್ನೂ ಹಾಕಿದರೆ ನೋವಿನವರಿಗೆ ಖರ್ಚಿಗೆ ತಕ್ಕ ಗುಣ ಸಿಗುತ್ತದೆಯೇ ಎಂದು ತೂಗಿ ನೋಡಲು ಆಡಳಿತದವರು ಅವಳ ಸಂಸ್ಥೆಗೆ ಹೇಳಿದ್ದರು.

"ಬೀಗ ನನ್ನ ಹತ್ರ ಇಲ್ಲ. ಪ್ರಶ್ನೆಗಳಷ್ಟೇ ಇವೆ," ಅಂದಳು.

"ಒಬ್ಬರು ನೋವಿಲ್ಲದೆ ನಿದ್ದೆ ಮಾಡಿದ್ರೆ, ಅದಕ್ಕೆ ನಿಮ್ಮ ಲೆಕ್ಕದಲ್ಲಿ ಜಾಗ ಇದೆಯಾ?"

"ಅದನ್ನೇ ಮೊದಲು ಕೇಳೋದು. ನಿದ್ದೆ, ನಡಿಗೆ, ಕೆಲಸ... ದುಡ್ಡಿನ ಮಾತು ಆಮೇಲೆ."

ಅವನು ಅವಳನ್ನೇ ನೋಡಿದ. ಆಮೇಲೆ ಕುರ್ಚಿ ಎಳೆದುಕೊಟ್ಟ.

ರೋಗಿಗಳ ಉತ್ತರ ಬರೆದುಕೊಳ್ಳಲು ವಾರವಾರವೂ ಅವಳು ಬಂದಳು. ಪರದೆಯ ಆಚೆ ಅವನು ರೋಗಿಗಳನ್ನು ಮಾತಾಡಿಸುವ ದನಿ ಕೇಳಿದರೆ ಸಾಕು, ಕೈಯಲ್ಲಿದ್ದ ಪೆನ್ನು ನಿಧಾನವಾಗುತ್ತಿತ್ತು.

"ಆಸ್ಪತ್ರೆಗೆ ಹೋಗೋಕೆ ಯಾರಾದ್ರೂ ಇಷ್ಟು ಹೊತ್ತು ತಲೆ ಬಾಚ್ಕೋತಾರೇನೇ?" ಅಂತ ಮನೆಯಲ್ಲಿ ಅಕ್ಕ ಕಾಲೆಳೆದಳು.

ಒಂದು ದಿನ, ಕತ್ತುನೋವಿಗೆ ಬರುತ್ತಿದ್ದ ಟೈಲರಮ್ಮ ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದಳು. "ನೋಡಮ್ಮ, ಮತ್ತೆ ಮಷಿನ್ ತುಳೀತಿದ್ದೀನಿ."

ಬರೆದುಕೊಳ್ಳುತ್ತಿದ್ದ ಅವಳ ಎದೆ ಅರಳಿತು. ಪರದೆ ಸರಿಸಿದ ಅವನೂ ನಕ್ಕ. ಇಬ್ಬರ ಕಣ್ಣೂ ಕೂಡಿದವು... ಯಾರೂ ಬೇಗ ತೆಗೆಯಲಿಲ್ಲ.

ಅದಾದ ಮೇಲೆ ಬಂದವರು ಮಂಡಿನೋವಿನ ಮೇಷ್ಟ್ರು. "ಏನೂ ವ್ಯತ್ಯಾಸ ಇಲ್ಲಮ್ಮ," ಅಂದರು.

"ಸ್ವಲ್ಪವಾದ್ರೂ ಕಡಿಮೆ ಆಗಿದೆ ಅನ್ಸಲ್ವಾ, ಸರ್?"

ಕೇಳಿದ ಮೇಲೆ ಅವಳ ಪೆನ್ನು ನಿಂತಿತು. 'ಒಳ್ಳೆಯ ಉತ್ತರಕ್ಕಾಗಿ ಎರಡನೇ ಸಲ ಕೇಳಿದೆನಲ್ಲ... ಯಾರಿಗೋಸ್ಕರ?'

ಯಾರಿಗೋಸ್ಕರ ಎಂದು ಅವಳಿಗೆ ಗೊತ್ತಿತ್ತು.

ಮರುದಿನ ತನ್ನ ಮೇಲಿನ ಹಿರಿಯ ಮೇಡಂಗೆ ಎಲ್ಲವನ್ನೂ ಹೇಳಿ, ತಾನು ಮಾಡಿದ ಸಂದರ್ಶನಗಳನ್ನು ಬೇರೆಯವರಿಂದ ಮತ್ತೆ ಮಾಡಿಸಲು ಕೇಳಿಕೊಂಡಳು. ಅವರು ಗದರಲಿಲ್ಲ. "ಫಲಿತಾಂಶ ಬರೋವರೆಗೆ ಆ ಡಾಕ್ಟರ್ ಜೊತೆ ಮಾತು ಬೇಡ. ಕಾರಣವೂ ಅವರಿಗೆ ತಿಳೀಬಾರದು. ತಡ್ಕೋತೀಯಾ?"

"ತಡ್ಕೋತೀನಿ, ಮೇಡಂ."

ಕೆಲವು ದಿನಗಳ ನಂತರ ಮೆಟ್ಟಿಲ ಬಳಿ ಅವನೇ ಎದುರಾದ.

"ನೀವು ಬರ್ತಾನೇ ಇಲ್ಲ. ಕೂತು ನೋಡೋಕೂ ಲಾಯಕ್ಕಿಲ್ಲ ಅನಿಸ್ತಾ ನಮ್ಮ ಕೆಲಸ?"

"ಬೇರೆ ಕೆಲಸ ಕೊಟ್ಟಿದ್ದಾರೆ," ಎಂದಷ್ಟೇ ಹೇಳಿದಳು.

ಅವನ ಮುಖ ಬಾಡಿತು. "ಸರಿ ಮೇಡಂ," ಎಂದು ಇಳಿದು ಹೋದ.

ಆಮೇಲಿನ ತಿಂಗಳುಗಳು ಸರಿಯಲೇ ಒಲ್ಲವು. ಅವಳಿಗೆ ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಡಯಾಲಿಸಿಸ್ ಖರ್ಚಿನ ಅಧ್ಯಯನ. ಕ್ಯಾಂಟೀನಿನಲ್ಲಿ ಅವಳನ್ನು ಕಂಡರೆ ಅವನು ಲೋಟ ಹಿಡಿದು ಹೊರಗೆ ನಡೆಯುತ್ತಿದ್ದ. ಬೆನ್ನು ಹಾಕಿ ಕೂತಿದ್ದರೂ ಅವನ ಹೆಜ್ಜೆ ಅವಳಿಗೆ ಗೊತ್ತಾಗುತ್ತಿತ್ತು. ಲಿಫ್ಟು ಕೆಳಮಹಡಿಯಲ್ಲಿ ನಿಂತಾಗಲೆಲ್ಲ ಉಸಿರು ಹಿಡಿಯುತ್ತಿದ್ದಳು... ಬಾಗಿಲು ತೆರೆದರೆ ಬೇರೆ ಯಾರೋ.

"ಹೋಗಿ ಹೇಳಿಬಿಡೇ, ಸೊರಗಿ ಹೋಗ್ತಿದ್ದೀಯ," ಅಂದಳು ಅಕ್ಕ.

"ಈಗ ಹೇಳಿದ್ರೆ, ನಾಳೆ ಅವರು ಗೆದ್ರೂ ನನ್ನ ದಯೆಯಿಂದ ಅಂತಾರೆ, ಅಕ್ಕ. ಅವರಿಗೆ ಆ ಮಾತು ಬರಬಾರದು."

ಕೊನೆಗೆ ಫಲಿತಾಂಶ ಬಂತು. ಕತ್ತು, ಸೊಂಟದ ನೋವಿಗೆ ಸೂಜಿ ಚಿಕಿತ್ಸೆ ಖರ್ಚಿಗೆ ತಕ್ಕದ್ದು, ಮುಂದುವರಿಯಲಿ. ಮಂಡಿನೋವಿಗೆ ಅಲ್ಲ, ನಿಲ್ಲಿಸಬೇಕು.

ಅವಳು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದಳು. ಅವನು ಒಬ್ಬನೇ ಒಂದು ಮಂಚವನ್ನು ಗೋಡೆಗೆ ಸರಿಸುತ್ತಿದ್ದ.

"ಮಂಡಿನೋವಿನವರು ಇನ್ನು ಬರಲ್ಲ," ಅಂದ, ತಿರುಗದೆ.

"ಬೇಜಾರಾಗಿರತ್ತೆ. ಆದ್ರೆ ಆ ಲೆಕ್ಕ ಸರಿಯಾಗಿದೆ."

"ಗೊತ್ತು. ಮೇಷ್ಟ್ರು ನನಗೂ ಅದನ್ನೇ ಹೇಳಿದ್ರು." ಅವನು ತಿರುಗಿದ. "ನೀವು ಬಿಟ್ಟು ಹೋದದ್ದು ಮಾತ್ರ ಅರ್ಥವಾಗಲಿಲ್ಲ. ನಂಬಿಕೆ ಇರಲಿಲ್ಲ ಅಲ್ವಾ?"

"ಇರಲಿಲ್ಲ. ನಿಮ್ಮ ಮೇಲಲ್ಲ... ನನ್ನ ಮೇಲೆ. ನೀವೇ ಗೆಲ್ಲಬೇಕು ಅಂತ ಆಸೆ ಹುಟ್ಟಿಬಿಟ್ಟಿತ್ತು. ಆ ಆಸೆ ಇಟ್ಕೊಂಡು ಹೇಗೆ ತೂಗಲಿ?"

ಅವನ ಕೈ ಮಂಚದ ಮೇಲೆ ಹಾಗೇ ನಿಂತಿತು.

"ಇಷ್ಟು ದಿನ... ಅದಕ್ಕಾ?"

ಅವಳು ತಲೆಯಾಡಿಸಿದಳು. ಕಣ್ಣು ತುಂಬಿ ಬಂದಿತ್ತು.

"ಕ್ಯಾಂಟೀನಿಂದ ಎದ್ದು ಹೋಗ್ತಿದ್ದೆನಲ್ಲ," ಅಂದ ಅವನು ಮೆಲ್ಲಗೆ, "ಕೋಪಕ್ಕಲ್ಲ. ಅಲ್ಲೇ ಇದ್ರೆ ನಿಮ್ಮ ಮೇಜಿಗೇ ಬಂದು ಕೂತುಬಿಡ್ತಿದ್ದೆ."

"ನಾನು ಕಾರಣ ಹೇಳಿ ಹೋಗಿದ್ರೆ ಕಾಯ್ತಿದ್ರಾ?"

"ಹೇಳದೇನೇ ಕಾದಿದ್ದೀನಲ್ಲ."